ಕೆನ್ನೆಯೊಳಗಿನ ಬೀಗದಕೈ

ಇದು ನಡೆದದ್ದೇ. ಒಂದೆಳೆ ಸುಳ್ಳಿದ್ದರೂ ನನ್ನ ನಾಲಿಗೆ ಬಿದ್ದುಹೋಗಲಿ. ಆಮೇಲೆ ಕಥೆ ಹೇಳುವವರು ಯಾರು ಅಂತ ನೀವೇ ನೋಡಿಕೊಳ್ಳಿ.

ಬೀಗ ರಿಪೇರಿಯವನ ಹೆಂಡತಿ ಟೈಲರ್. ಕಾಪರ್-ಟಿ ಹಾಕಿಸಿಕೊಂಡು ನಿಶ್ಚಿಂತೆಯಿಂದ ಇದ್ದವಳಿಗೆ ಗರ್ಭ ನಿಂತಿತು. ಹಾಕಿದ ಬೀಗ ತೆರೆದು ಬಂದಿದೆ ಮಗು, ಅಪ್ಪನದೇ ಕೈಗುಣ ಎಂದು ಅವಳು ಗಂಡನನ್ನು ರೇಗಿಸಿದ್ದಳು.

ಆಮೇಲೆ ರಕ್ತಪರೀಕ್ಷೆಯಲ್ಲಿ ಮಗುವಿಗೆ ಏನೋ ಹುಟ್ಟುದೋಷವಿರಬಹುದೆಂಬ ಅನುಮಾನ ಬಂತು. ನಗು ನಿಂತಿತು. ಖಚಿತವಾಗಬೇಕಾದರೆ ಹೊಟ್ಟೆಗೆ ಸೂಜಿ ಚುಚ್ಚಿ, ಮಗುವಿನ ಸುತ್ತಲಿನ ನೀರು ತೆಗೆದು ಜೆನೆಟಿಕ್ ಟೆಸ್ಟ್ ಮಾಡಬೇಕು ಎಂದರು ಡಾಕ್ಟರಮ್ಮ. ಆದರೆ ಕಾಪರ್-ಟಿ ಮೇಲೆ ಸರಿದಿದೆ, ತೆಗೆಯುವ ಹಾಗಿಲ್ಲ. ಅದು ಒಳಗಿದ್ದರೆ ಗರ್ಭ ಜಾರುವ, ನಂಜಾಗುವ ಭಯ ಮೊದಲೇ ಹೆಚ್ಚು. ಸೂಜಿ ಅದಕ್ಕೆ ಇನ್ನಷ್ಟು ಸೇರಿಸಬಹುದು. ಯೋಚಿಸಿ ಗುರುವಾರ ಬನ್ನಿ ಎಂದು ಒಪ್ಪಿಗೆ ಫಾರ್ಮ್ ಕೊಟ್ಟರು.

ಮೂರು ದಿನ ಇಬ್ಬರೂ ಬಾಯಿ ಬಿಡಲಿಲ್ಲ. ಅವನು ಕದ್ದು ನೋಡಿದರೆ ಅವಳು ಸೂಜಿಗೆ ದಾರ ಪೋಣಿಸುವ ನೆಪದಲ್ಲಿ ತಲೆ ತಗ್ಗಿಸುತ್ತಿದ್ದಳು. ಅವಳು ಆಸ್ಪತ್ರೆಯ ಚೀಲ ಸಿದ್ಧಮಾಡಿದ್ದು ಕಂಡು, ಅವಳಿಗೆ ಟೆಸ್ಟ್ ಬೇಕೆಂದೇ ಇರಬೇಕು ಎಂದುಕೊಂಡ.

ಗುರುವಾರ ಬೆಳಿಗ್ಗೆ ಆಸ್ಪತ್ರೆಯ ಫೈಲು ಬೀರುವಿನಲ್ಲಿ, ಬೀರುವಿಗೆ ಬೀಗ, ಬೀಗದಕೈ ಅವನ ಕೆನ್ನೆಯಲ್ಲಿ. ಕಳೆದುಹೋಗಿದೆ ಎಂದ. ಕೆನ್ನೆ ಊದಿದ್ದಕ್ಕೆ ಹಲ್ಲುನೋವು ಎಂದ. ಬೀದಿಯ ಬೀಗಗಳನ್ನೆಲ್ಲ ಹೇರ್‌ಪಿನ್ನಿನಲ್ಲಿ ತೆಗೆಯುವವನು ಸ್ವಂತ ಬೀರುವಿನ ಮುಂದೆ ಅರ್ಧ ಗಂಟೆ ಬೆವರಿದ.

ಫಾರ್ಮ್ ಆದರೂ ಕೊಡಿ ಎಂದಳು ಅವಳು, ಓರೆಗಣ್ಣಲ್ಲಿ ನೋಡುತ್ತ. ಅದನ್ನಿಟ್ಟಿದ್ದ ಅಂಗಿಯ ಜೇಬಿಗೆ ಕೈ ಹಾಕಿದ. ಬೆರಳು ಒಳಗೆ ಹೋಗಲಿಲ್ಲ. ಫಾರ್ಮ್ ಒಳಗಿರುವಂತೆಯೇ ಜೇಬಿನ ಬಾಯಿಗೆ ಜೋಡಿ ಹೊಲಿಗೆ ಬಿದ್ದಿತ್ತು.

"ಇದೇನೇ?"

"ಮೊದ್ಲು ನಿಮ್ಮ ಹಲ್ಲುನೋವು ಉಗುಳಿ."

ಉಗುಳಿದ. ಬೀಗದಕೈ ನೆಲದ ಮೇಲೆ ಠಣ್ ಎಂದಿತು.

"ನಿಂಗೆ ಟೆಸ್ಟ್ ಬೇಕೇನೋ ಅಂದ್ಕೊಂಡೆ. ನಂಗೆ ಆ ಸೂಜಿ ನೆನೆಸಿಕೊಂಡ್ರೆ ಉಸಿರೇ ಕಟ್ಟತ್ತೆ ಕಣೇ."

"ನಾನೂ ನಿಮಗೇ ಬೇಕೇನೋ ಅಂದ್ಕೊಂಡಿದ್ದೆ."

"ಮಗು ಹೇಗಿದ್ರೆ?"

"ಹೇಗಿದ್ರೂ ಅದರ ಅಳತೆಗೇ ಹೊಲೀತೀನಿ. ನೀವು ಪಕ್ಕದಲ್ಲಿರಿ, ಅಷ್ಟೇ."

ಅವನ ಕಣ್ಣು ತುಂಬಿತು. ಅವಳು ಹಲ್ಲಿನಿಂದಲೇ ಜೇಬಿನ ದಾರ ಕಚ್ಚಿ ಬಿಡಿಸಿದಳು. ಅವಳ ಉಸಿರು ಎದೆಗೆ ತಾಗಿ ಅವನು ಹೊರಡುವುದನ್ನೇ ಮರೆತ.

ಡಾಕ್ಟರಮ್ಮ ಖಾಲಿ ಫಾರ್ಮ್ ವಾಪಸ್ ತೆಗೆದುಕೊಂಡು, ಸೂಜಿ ಹೊಟ್ಟೆಗೆ ತಾಗದ ಇನ್ನೊಂದು ರಕ್ತಪರೀಕ್ಷೆ ಬರೆದರು. ಪೂರ್ತಿ ಖಚಿತವಲ್ಲ, ಆದರೆ ಮಗುವಿಗೆ ಅಪಾಯವಿಲ್ಲ ಎಂದರು. ಹತ್ತು ದಿನ ಅವನ ಕೈಗೆ ಒಂದು ಬೀಗವೂ ಬಗ್ಗಲಿಲ್ಲ. ದೋಷವಿರುವ ಸಾಧ್ಯತೆ ಕಡಿಮೆ ಎಂದು ರಿಪೋರ್ಟ್ ಬಂತು. ಹೆದರಿಕೆ ಮಾತ್ರ ಹೆರಿಗೆಯವರೆಗೂ ಬಿಡಲಿಲ್ಲ.

ಮಗಳು ಹುಟ್ಟಿದಳು, ಮುಷ್ಟಿಯಲ್ಲಿ ಕಾಪರ್-ಟಿ ಹಿಡಿದುಕೊಂಡು.

ನಂಬಿಕೆ ಬರಲಿಲ್ಲವೇ? ನಿಮ್ಮವರಿಗೆ ಹೇಳದೆ ಒಂದು ಮಾತು ಕೆನ್ನೆಯಲ್ಲಿ ಇಟ್ಟುಕೊಂಡಿದ್ದೀರಲ್ಲ, ಅದನ್ನು ಮೊದಲು ಉಗುಳಿ. ನನ್ನ ಸುಳ್ಳು ಆಮೇಲೆ ಹುಡುಕೋಣ.