ಪಟ್ಟಿ ಕಾರ್ಖಾನೆಯ ಕತ್ತಿ

ಕತ್ತಿ ಬೀಳುವ ಸದ್ದು ಅಲ್ಲಿ ಯಾರಿಗೂ ಹೊಸದಲ್ಲ. ಮಾಲೂರು ಸ್ಟೇಷನ್ನಿನ ಹಿಂದಿದ್ದ ಕಬ್ಬಿಣದ ಪಟ್ಟಿ ಕಾರ್ಖಾನೆಯಲ್ಲಿ ಅದು ದಿನಕ್ಕೆ ಸಾವಿರ ಸಲ ಬೀಳುತ್ತಿತ್ತು. ಆದರೆ ನಲವತ್ತಮೂರನೇ ಇಸವಿಯ ಆಯುಧಪೂಜೆಯ ದಿನ, ಮಧ್ಯಾಹ್ನ ಮೂರರ ಹೊತ್ತಿಗೆ, ನಿಲ್ಲಿಸಿದ್ದ ಯಂತ್ರದಿಂದ ಆ ಸದ್ದು ಬಂತು. ಎಲ್ಲರೂ ತಿರುಗಿ ನೋಡಿದರು.

ಪೆದ್ದಪ್ಪ ಯಂತ್ರದ ಮುಂದೆ ಮಂಡಿಯೂರಿ ಕೂತಿದ್ದ. ಅವನ ಬಲಗೈ ಮಣಿಕಟ್ಟಿಗೇ ಮುಗಿದಿತ್ತು.

ಯಂತ್ರದ ಲಿವರ್ ಹಿಡಿದು ನಿಂತಿದ್ದವನು ಕದಿರಪ್ಪ. ಪೆದ್ದಪ್ಪನ ಹೆಂಡತಿ ಶ್ಯಾಮಲಮ್ಮನ ಅಣ್ಣ.

ಪೆದ್ದಪ್ಪನನ್ನು ಹತ್ತಿಸಿದ್ದು ಇದ್ದಿಲಿನ ಹೊಗೆಯಿಂದ ಓಡುವ ಯುದ್ಧಕಾಲದ ಬಸ್ಸಿಗೆ, ಕೇಳಬೇಕೆ! ಎತ್ತಿನ ಗಾಡಿಯೂ ಅದನ್ನು ಹಿಂದೆ ಹಾಕುತ್ತಿತ್ತು. ಕೋಲಾರದ ಆಸ್ಪತ್ರೆ ಮುಟ್ಟುವ ಮುಂಚೆಯೇ ಅವನ ಪ್ರಾಣ ಹೋಯಿತು. ಅದೇ ಸಂಜೆ ಪೊಲೀಸ್ ದಫೇದಾರರು ಕದಿರಪ್ಪನ ಕೈಗೆ ಬೇಡಿ ಹಾಕಿದರು. ಹಾಕುವಾಗ ಅವನು ಕೈ ತಾನಾಗಿಯೇ ಮುಂದೆ ಚಾಚಿದ. ಯಾರದೋ ಕೈಯನ್ನು ಯಾರಿಗೋ ಕೊಟ್ಟ ಹಾಗೆ.

ಠಾಣೆಯ ಜಗಲಿಗೆ ಶ್ಯಾಮಲಮ್ಮ ಒಂದೇ ಒಂದು ಸಲ ಬಂದಳು. ಅಳಲಿಲ್ಲ, ಬೈಯಲಿಲ್ಲ.

"ಅಣ್ಣ, ನೀನೇ ಮಾಡ್ದಾ?"

ಅವನು ಬಾಯಿ ತೆರೆದ. ಏನೂ ಹೊರಡಲಿಲ್ಲ. ಹೌದು ಎನ್ನಲು ನೆನಪಿಲ್ಲ. ಇಲ್ಲ ಎನ್ನಲು ಧೈರ್ಯವಿಲ್ಲ. ಅವಳು ಸೆರಗು ಹೊದ್ದು ಹೊರಟುಹೋದಳು. ಸಾಯುವವರೆಗೆ ಜೈಲಿಗೆ ಹಾಕಿದರೂ ಕದಿರಪ್ಪನಿಗೆ ಚಿಂತೆಯಿರಲಿಲ್ಲ. ಆ ಪ್ರಶ್ನೆಗೆ ಉತ್ತರ ಸಿಕ್ಕದೆ ಅವಳು ಬಾಳಬೇಕಲ್ಲ, ಅದೊಂದೇ ಅವನ ತಲೆಯಲ್ಲಿ ಉಳಿದಿದ್ದು. ಮಿಕ್ಕಿದ್ದೆಲ್ಲ ಮರಗಟ್ಟಿತ್ತು. ಮುದ್ದೆ ಕೊಟ್ಟರೆ ನುಂಗಿದ, ನೀರು ಕೊಟ್ಟರೆ ಕುಡಿದ. ಮೂಗಿನ ಮೇಲೆ ನೊಣ ಕೂತರೆ ಓಡಿಸಲಿಲ್ಲ.

ಮೂರನೇ ದಿನ ಬೆಳಿಗ್ಗೆ ಕೋಲಾರದಿಂದ ಇನ್‌ಸ್ಪೆಕ್ಟರ್ ಚನ್ನರಾಯಪ್ಪ ಬಂದರು. ಕುಳ್ಳ ಆಸಾಮಿ, ಬಾಯಿ ತುಂಬ ಎಲೆಯಡಿಕೆ, ಮುಳಬಾಗಿಲ ಕಡೆಯವರಾದ್ದರಿಂದ ಮಾತಿನ ಮಧ್ಯೆ ತೆಲುಗು ತಾನಾಗಿ ನುಗ್ಗುತ್ತಿತ್ತು. ಕದಿರಪ್ಪನನ್ನು ಕಾರ್ಖಾನೆಗೇ ಕರೆತರಿಸಿ ಯಂತ್ರದ ಮುಂದೆ ನಿಲ್ಲಿಸಿದರು.

"ಏಮಯ್ಯಾ, ನೀನೇ ಲಿವರ್ ತಳ್ಳಿದ್ದಾ?"

"ನಾನೇ ತಳ್ಳಿರ್ಬೇಕು ಸ್ವಾಮಿ."

"ತಳ್ಳಿರ್ಬೇಕು ಅಂದ್ರೇನಯ್ಯಾ? ತಳ್ಳಿದೆಯೋ ಇಲ್ವೋ?"

"ನಂಗೆ ಗೊತ್ತಾಗ್ತಿಲ್ಲ ಸ್ವಾಮಿ. ಇನ್ಯಾರು ತಳ್ತಾರೆ? ಹಿಡ್ಕೊಂಡಿದ್ದೋನು ನಾನೇ."

"ನಿಂಗೂ ಅವನಿಗೂ ಜಗಳ ಆಗಿತ್ತಂತೆ?"

"ಹಬ್ಬಕ್ಕೆ ತಂಗೀನ ಕಳ್ಸು ಭಾವ ಅಂದೆ. ಕಳ್ಸಲ್ಲ ಅಂದ. ಬೆಳಿಗ್ಗೆ ಪೂಜೆ ಹೊತ್ತಲ್ಲಿ ಎಲ್ಲರ ಮುಂದೆ ಅಂದ್ಬಿಟ್ಟೆ — ನಿನ್ ಕೈ ಸೇದೋಗ ಅಂತ." ಕದಿರಪ್ಪನ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಮಧ್ಯಾಹ್ನಕ್ಕೆ ಕೈ ಹೋಯ್ತು. ಬರ್ಕೊಳ್ಳಿ ಸ್ವಾಮಿ. ಹೆಬ್ಬೆಟ್ಟು ಒತ್ತುತೀನಿ."

ಚನ್ನರಾಯಪ್ಪ ಬರೆದುಕೊಳ್ಳಲಿಲ್ಲ. ಬೈಗುಳಕ್ಕೆಲ್ಲ ಕೈ ಬೀಳುವುದಾದರೆ ಕೋಲಾರ ಜಿಲ್ಲೆಯಲ್ಲಿ ಉಣ್ಣಲು ಯಾರಿಗೂ ಕೈ ಇರುತ್ತಿರಲಿಲ್ಲ!

"ಅದು ಬಿಡು. ಈ ಯಂತ್ರ ಹೆಂಗೆ ನಡೆಯುತ್ತೆ? ನಂಗೆ ಏನೂ ಗೊತ್ತಿಲ್ಲ ಅಂದ್ಕೊಂಡು ಹೇಳು."

ಕೇಳಿದ್ದಕ್ಕೆ ಕದಿರಪ್ಪ ಪಾಠ ಒಪ್ಪಿಸುವವನ ಹಾಗೆ ಹೇಳಿದ. ಕಬ್ಬಿಣದ ಪಟ್ಟಿ ಸುರುಳಿಯಾಗಿ ಬರುತ್ತದೆ. ಉರುಳೆಗಳ ನಡುವೆ ತೂರಿ ನೆಟ್ಟಗಾಗುತ್ತದೆ. ಮುಂದೆ ಹೋಗಿ ಅಳತೆಯ ಗೂಟಕ್ಕೆ ತಾಗಿದಾಗ ಕತ್ತಿ ಬಿದ್ದು ತುಂಡಾಗುತ್ತದೆ. ದಂಡಿನ ಪೆಟ್ಟಿಗೆಗಳಿಗೆ ಬಿಗಿಯುವ ಪಟ್ಟಿ ಅದು. ಎಂಜಿನ್ನಿನಿಂದ ಬರುವ ತೊಗಲಿನ ಬೆಲ್ಟು, ಆಳಿಗಿಂತ ಎತ್ತರದಲ್ಲಿ, ಅಕ್ಕಪಕ್ಕದ ಎರಡು ಚಕ್ರಗಳಲ್ಲಿ ಒಂದರ ಮೇಲೆ ಓಡುತ್ತಿರುತ್ತದೆ. ಒಂದು ಕೆಲಸದ ಚಕ್ರ — ಬೆಲ್ಟು ಅದರ ಮೇಲಿದ್ದರೆ ಶಾಫ್ಟು ತಿರುಗುತ್ತದೆ, ಕತ್ತಿ ಏಳುತ್ತದೆ, ಬೀಳುತ್ತದೆ. ಇನ್ನೊಂದು ಖಾಲಿ ಚಕ್ರ — ಅದು ಶಾಫ್ಟಿನ ಮೇಲೆ ಸಡಿಲವಾಗಿ ತಾನೊಂದೇ ಸುತ್ತುತ್ತದೆ, ಕತ್ತಿ ಎತ್ತಿದಲ್ಲೇ ನಿಂತಿರುತ್ತದೆ. ಬೆಲ್ಟನ್ನು ಇಲ್ಲಿಂದ ಅಲ್ಲಿಗೆ ಸರಿಸುವುದೇ ಲಿವರಿನ ಕೆಲಸ.

"ಅಳತೆ ಬದಲಾಯ್ಸೋವಾಗ?"

"ಮೊದ್ಲು ಬೆಲ್ಟು ಖಾಲಿ ಚಕ್ರಕ್ಕೆ. ಆಮೇಲೆ ಲಿವರಿಗೆ ಕೊಂಡಿ. ಆಮೇಲೆ ಕತ್ತಿ ಕೆಳಗೆ ಹುಣಸೆ ದಿಮ್ಮಿ. ಮೂರೂ ಆದ್ಮೇಲೇನೇ ಕೈ. ಈ ಕ್ರಮ ನಮಗೆಲ್ಲ ಕಲ್ಸಿದ್ದೇ ಭಾವ. ದಿಮ್ಮಿ ಇಡದೆ ಬೆರಳು ಕೂಡ ತೂರ್ಸ್ತಿರ್ಲಿಲ್ಲ."

"ಅವತ್ತು ಯಾಕೆ ಇಡ್ಲಿಲ್ಲ?"

ಕದಿರಪ್ಪ ಬಾಗಿಲ ಕಡೆ ತಿರುಗಿದ. ಅಲ್ಲಿ ದೇವರ ಪಟದ ಮುಂದೆ ಸ್ಪ್ಯಾನರು, ಸುತ್ತಿಗೆ, ಅರಗಳ ಜೊತೆ ಹುಣಸೆ ದಿಮ್ಮಿಯೂ ಅರಿಶಿನ ಕುಂಕುಮ ಬಳಿಸಿಕೊಂಡು ಕೂತಿತ್ತು. ದಶಮಿ ಕಳೆದಿದ್ದರೂ ಸಾವಿನ ಗಲಾಟೆಯಲ್ಲಿ ಯಾರೂ ಕದಲಿಸಿರಲಿಲ್ಲ, ಬಾಡಿದ ಸೇವಂತಿಗೆ ಹೂ ಇನ್ನೂ ಅದರ ಮೇಲಿತ್ತು.

"ಪೂಜೆಗೆ ಇಟ್ಟಿದ್ದು. ದಶಮಿ ದಿನ ಕದಲಿಸೋವರೆಗೂ ಮುಟ್ಟೋ ಹಾಗಿಲ್ವಲ್ಲ ಸ್ವಾಮಿ."

"ಹಂಗಾದ್ರೆ ಯಂತ್ರ ಹೆಂಗಯ್ಯಾ ಓಡ್ಸಿದ್ರಿ? ಅದಕ್ಕೂ ಪೂಜೆ ಆಗಿತ್ತಲ್ಲ?"

ಉತ್ತರ ಹಿಂದಿನಿಂದ ಬಂತು. "ನಾನೇ ಓಡ್ಸಿ ಅಂದೆ, ಇನ್‌ಸ್ಪೆಕ್ಟರ್ ಸಾಹೇಬ್ರೇ." ಮೇಸ್ತ್ರಿ ಕೋದಂಡರಾಮಪ್ಪ. ಶ್ರೀನಿವಾಸಪುರದ ಕಡೆಯವರು, ಆಲೆಮನೆ ನಡೆಸುತ್ತಿದ್ದ ಮನೆತನ. ಮಡಿಸಿದ ಪಂಚೆ, ಮೇಲೆ ಕೋಟು. "ದಂಡಿನ ಆರ್ಡರು. ಸಂಜೆ ಗೂಡ್ಸ್ ಗಾಡಿಗೆ ಮಾಲು ಹತ್ಬೇಕಿತ್ತು. ಆಯುಧ ಪೂಜೇಲೇ ಇರ್ಲಿ, ಯಂತ್ರ ಒಂದು ನಡೀಲಿ ಅಂದೆ. ಅರ್ಧ ದಿನದ ಕೆಲ್ಸ. ಈ ಪಾಪಿ ಹಿಂಗೆ ಮಾಡ್ತಾನೆ ಅಂತ ಯಾರು ಕಂಡಿದ್ರು? ಕೊಂಡಿ ತೆಗೆದು ಲಿವರ್ ತಳ್ಳಿದ್ದನ್ನ ನಾನು ಕಣ್ಣಾರೆ ಕಂಡೆ."

ಕದಿರಪ್ಪ ತಲೆಯಾಡಿಸಿದ. ಮೇಸ್ತ್ರಿ ಕಂಡಿದ್ದರೆ ನಿಜವೇ ಇರಬೇಕು.

"ಖಾಲಿ ಚಕ್ರ ಹಿಡ್ಕೊಂಡು ಶಾಫ್ಟು ತಾನಾಗಿ ತಿರುಗಿರಬಹುದಲ್ವಾ?" ಎಂದು ಇನ್‌ಸ್ಪೆಕ್ಟರು ಮೇಸ್ತ್ರಿಯನ್ನು ಕೇಳಿದರು.

"ದಫೇದಾರ್ರು ಮಾರನೇ ದಿನವೇ ಪರೀಕ್ಷೆ ಮಾಡಿದ್ರಲ್ಲ. ಒಂದು ಗಂಟೆ ಬೆಲ್ಟು ಅದರ ಮೇಲೇ ಬಿಟ್ಟು ನೋಡಿದ್ರು. ಹೂವಿನಂಗೆ ತಿರುಗ್ತು. ಕತ್ತಿ ಅಲ್ಲಾಡ್ಲಿಲ್ಲ."

ದಫೇದಾರರು ಹೌದೆಂದರು. ಅಲ್ಲಿಗೆ ಕೇಸು ಮುಗಿದಂತೆಯೇ.

ಚನ್ನರಾಯಪ್ಪ ಹೊರಗೆ ಹೋಗಿ ಎಲೆಯಡಿಕೆ ಉಗಿದು ಬಂದರು. ಯಂತ್ರದ ಸುತ್ತ ಒಂದು ಸುತ್ತು ಹಾಕಿದರು. ಪೂಜೆಯ ಜಾಗದಲ್ಲಿ ಚೆಲ್ಲಿದ್ದ ಕಡಲೆಪುರಿ, ಬೆಲ್ಲದ ಚೂರುಗಳನ್ನು ನೋಡಿದರು. ಗೋಡೆ ನೋಡಿದರು. ಆಮೇಲೆ ಏಣಿ ತರಿಸಿ, ಏದುಸಿರು ಬಿಡುತ್ತ ಚಕ್ರಗಳವರೆಗೆ ಹತ್ತಿದರು.

"ಇರುವೆ ಬಹಳ ಇದೆಯಲ್ರೀ ಇಲ್ಲಿ," ಎಂದರು ಮೇಲಿನಿಂದ.

"ಹಬ್ಬ ಅಲ್ವಾ ಸಾಹೇಬ್ರೇ, ಸಿಹಿ ಚೆಲ್ಲಿದೆ," ಎಂದರು ಮೇಸ್ತ್ರಿ.

ಮೂಲೆಯಲ್ಲಿ ಪೊರಕೆ ಹಿಡಿದು ನಿಂತಿದ್ದ ಮುನಿಯಲ್ಲಮ್ಮನನ್ನು ಇನ್‌ಸ್ಪೆಕ್ಟರು ಕರೆದರು. ಕಾರ್ಖಾನೆ ಗುಡಿಸಿ, ಆಳುಗಳಿಗೆ ಕಾಫಿ ಕಾಯಿಸುವ ಹೆಂಗಸು. ಈ ಮೂರು ದಿನದಲ್ಲಿ ಅವಳನ್ನು ಯಾರೂ ಒಂದು ಮಾತೂ ಕೇಳಿರಲಿಲ್ಲ. ಗುಡಿಸುವವಳಿಗೆ ಏನು ಗೊತ್ತಿರುತ್ತದೆ!

"ಅಮ್ಮಾ, ಅವತ್ತು ಒಲೆ ಮೇಲೆ ಏನೇನು ಕಾಯಿಸಿದೆ?"

"ಕಾಫಿ ಸ್ವಾಮಿ."

"ಅಷ್ಟೇನಾ?"

"ಊಟದ ಹೊತ್ತಲ್ಲಿ ಪಾಕ. ಪೂಜೆಗೆ ಎರಡುಂಡೆ ಬೆಲ್ಲ ತಂದಿದ್ರು. ಒಂದುಂಡೆ ಪಾಕ ಮಾಡ್ಕೊಡು ಅಂದ್ರು ಮೇಸ್ತ್ರಿ. ಪ್ರಸಾದದ ಚರುಪಿಗೋ ಏನೋ ಅಂದ್ಕೊಂಡೆ. ಆಮೇಲೆ ಬಿಸಿನೀರು, ಒಂದು ಹಂಡೆ."

"ಬಿಸಿನೀರು ಯಾವಾಗ?"

"ಪೆದ್ದಪ್ಪನ್ನ ಬಸ್ಸಿಗೆ ಹತ್ತಿಸಿ ಎಲ್ರೂ ಹೋದ್ಮೇಲೆ. ರಕ್ತ ತೊಳೀಬೇಕು ಅಂದ್ರು ಮೇಸ್ತ್ರಿ."

"ತೊಳೆದಿದ್ದು ಯಾರು?"

"ನಾನೇ ಸ್ವಾಮಿ. ತಣ್ಣೀರಲ್ಲಿ. ಬಿಸಿನೀರು ಬಿದ್ರೆ ರಕ್ತ ಕಚ್ಕೊಳುತ್ತೆ, ಹೋಗಲ್ಲ. ಯಾವ ಹೆಂಗಸಿಗಾದ್ರೂ ಗೊತ್ತು."

ಕೋದಂಡರಾಮಪ್ಪ ಕೋಟಿನ ಗುಂಡಿ ಹಾಕಿಕೊಂಡರು. ಸೆಕೆಯಿತ್ತು, ಆದರೂ ಹಾಕಿಕೊಂಡರು.

"ಇನ್ನೊಂದುಂಡೆ ಬೆಲ್ಲ ಇದೆಯಾ? ಹಂಗೇ ಪಾಕ ಮಾಡ್ಕೊಂಡು ಬಾ ತಾಯಿ," ಎಂದರು ಇನ್‌ಸ್ಪೆಕ್ಟರು. ದಫೇದಾರರ ಕಡೆ ತಿರುಗಿ, "ಮನೆ ಹತ್ರ ಹೋಗಿ ಆ ಹೆಣ್ಣುಮಗಳನ್ನ ಕರ್ಕೊಂಡು ಬನ್ನಿ. ಅವಳು ನೋಡ್ಬೇಕಾದ್ದಿದೆ," ಎಂದರು.

ಶ್ಯಾಮಲಮ್ಮ ಬಂದಳು. ಬಾಗಿಲಾಚೆಯೇ ನಿಂತಳು. ಅಣ್ಣನ ಕಡೆ ನೋಡಲಿಲ್ಲ.

ಎಂಜಿನ್ ಹೊತ್ತಿಸಿದರು. ಓಡುತ್ತಿದ್ದ ಬೆಲ್ಟಿನ ಮೇಲೆ ದಫೇದಾರರು ಏಣಿಯಿಂದ ಪಾಕ ಸುರಿದರು. ಇನ್‌ಸ್ಪೆಕ್ಟರು ಬೆಲ್ಟನ್ನು ಖಾಲಿ ಚಕ್ರಕ್ಕೆ ಸರಿಸಿ, ಕೊಂಡಿ ಹಾಕಿ, ಲಿವರನ್ನು ಹಗ್ಗದಿಂದ ಕಂಬಕ್ಕೆ ಬಿಗಿದು ಕಟ್ಟಿಸಿದರು. ಎತ್ತಿ ನಿಂತಿದ್ದ ಕತ್ತಿಯ ಕೆಳಗೆ ಒಂದು ಬಾಳೆದಿಂಡು ತೂರಿಸಿದರು.

"ಎಲ್ರೂ ಹತ್ತು ಹೆಜ್ಜೆ ಹಿಂದೆ. ಯಾರೂ ಮುಟ್ಬೇಡಿ."

ಕಾದರು. ಖಾಲಿ ಚಕ್ರ ಸುತ್ತುತ್ತಲೇ ಇತ್ತು. ಕತ್ತಿ ಕದಲಲಿಲ್ಲ. ಐದು ನಿಮಿಷ. ಏಳು ನಿಮಿಷ. ದಫೇದಾರರು ಆಕಳಿಸಿದರು. "ಹೊತ್ತು ದಂಡ ಸಾಹೇಬ್ರೇ," ಎಂದರು ಮೇಸ್ತ್ರಿ. ಸುಟ್ಟ ಬೆಲ್ಲದ ವಾಸನೆ ಮೆಲ್ಲಗೆ ಹಬ್ಬಿತು. ಮೇಲೆ ಚಕ್ರ ಒಮ್ಮೆ ಮುಲುಗಿತು. ಮತ್ತೊಮ್ಮೆ.

ಖಚಕ್!

ಬಾಳೆದಿಂಡು ಎರಡಾಗಿ ಬಿತ್ತು. ಕಟ್ಟಿದ ಲಿವರ್ ಕಟ್ಟಿದ ಹಾಗೇ ಇತ್ತು.

ಎಂಜಿನ್ ನಿಲ್ಲಿಸಿದರು. ಆಮೇಲೆ ಚನ್ನರಾಯಪ್ಪ ಶ್ಯಾಮಲಮ್ಮನಿಗೇ ಹೇಳುವಂತೆ ಬಾಗಿಲ ಕಡೆ ಮುಖ ಮಾಡಿ ಹೇಳಿದರು.

"ಇರುವೆ ಎಲ್ರೂ ಕಂಡಿದ್ರಮ್ಮ. ಹಬ್ಬದ ಸಿಹಿ ಅಂತ ಸುಮ್ಮನಾದ್ರು. ನೆಲದ ಮೇಲೆ ಪುರಿ, ಬೆಲ್ಲ ಬೇಕಾದಷ್ಟು ಬಿದ್ದಿದೆ. ಅದನ್ನ ಬಿಟ್ಟು ಇನ್ನೊಂದು ಸಾಲು ಗೋಡೆ ಹತ್ತಿ ಸೂರಿನವರೆಗೆ ಯಾಕೆ ಹೋಗುತ್ತೆ? ದೇವರಿಗೆ ಯಾರಾದ್ರೂ ಸೂರಿಗೆ ನೈವೇದ್ಯ ಇಡ್ತಾರಾ? ಮೇಲೆ ಹತ್ತಿ ನೋಡ್ದೆ. ಚಕ್ರದಿಂದ ಸಿಡಿದ ಪಾಕದ ಹನಿ ಗೋಡೆ ತುಂಬಾ. ಚಕ್ರ ಮಾತ್ರ ಫಳಫಳ ತೊಳೆದಿದೆ. ಮಸಿ ಹಿಡಿದ ಕಾರ್ಖಾನೇಲಿ ಅದೊಂದೇ ಚಕ್ರಕ್ಕೆ ಅಭ್ಯಂಜನ ಯಾಕಾಯ್ತು? ಯಾರು ಮಾಡ್ಸಿದ್ರು?"

ಎಲ್ಲರೂ ಒಂದೇ ಕಡೆ ನೋಡಿದರು.

"ಬೆಲ್ಟು ಜಾರ್ತಿತ್ತು. ಯುದ್ಧ ಬಂದ್ಮೇಲೆ ಬೆಲ್ಟಿಗೆ ಹಚ್ಚೋ ಮೇಣ ಸಿಗ್ತಿಲ್ಲ. ಗಾಡಿಗೆ ಹೊತ್ತಾಗ್ತಿತ್ತು. ಆಲೆಮನೇಲಿ ಬೆಳೆದೋರಿಗೆ ಪಾಕದ ಅಂಟು ಗೊತ್ತಿಲ್ವಾ? ಸುರಿದ್ರು. ಬೆಲ್ಟು ಕಚ್ಚಿಕೊಳ್ತು, ಕೆಲ್ಸ ನಡೀತು. ಆದ್ರೆ ಪಾಕ ಖಾಲಿ ಚಕ್ರದ ಸಂದಿಗೂ ಇಳೀತು. ಅಳತೆ ಬದಲಾಯ್ಸೋಕೆ ಅಂತ ಕದಿರಪ್ಪ ಬೆಲ್ಟು ಅದರ ಮೇಲೆ ಬಿಟ್ಟ. ಸುತ್ತಿ ಸುತ್ತಿ ಬಿಸಿಯಾಗಿ ಪಾಕ ಗಟ್ಟಿಯಾಯ್ತು. ಖಾಲಿ ಚಕ್ರವೇ ಶಾಫ್ಟನ್ನ ಹಿಡಿದು ತಿರುಗಿಸ್ತು. ತಡೆಯೋಕೆ ದಿಮ್ಮಿ ಇರ್ಲಿಲ್ಲ, ದಿಮ್ಮಿ ದೇವರ ಮುಂದಿತ್ತು. ದಫೇದಾರ್ರು ಪರೀಕ್ಷೆ ಮಾಡೋ ಹೊತ್ತಿಗೆ ಹಂಡೆ ಬಿಸಿನೀರಲ್ಲಿ ಬೆಲ್ಲ ಕರಗಿಹೋಗಿತ್ತು. ಅಲ್ವೇನ್ರೀ, ಕೋದಂಡರಾಮಪ್ಪನೋರೇ?"

ಮೇಸ್ತ್ರಿ ಅಲ್ಲೇ ಕುಸಿದು ಕೂತರು. "ಸಾಯ್ಲಿ ಅಂತ ಮಾಡ್ಲಿಲ್ಲ ಸ್ವಾಮಿ. ದೇವರಾಣೆ."

"ಗೊತ್ತು. ಅವಸರಕ್ಕೆ ಮಾಡಿದ್ರಿ. ಪೂಜೆ ಮುಗಿಯದೆ ಯಂತ್ರ ಓಡ್ಸಿದ್ದೂ ಅವಸರವೇ. ಅಲ್ಲಿಗೆ ಬಿಟ್ಟಿದ್ರೆ ಕೋರ್ಟು ಏನನ್ನುತ್ತಿತ್ತೋ ಕಾಣೆ. ಆದ್ರೆ ಅವನ ಬಸ್ಸು ಇನ್ನೂ ಊರು ದಾಟಿರ್ಲಿಲ್ಲ, ನೀವು ನೀರು ಕಾಯಿಸಿದ್ರಿ. ಲಿವರ್ ತಳ್ಳಿದ್ದು ಕಣ್ಣಾರೆ ಕಂಡೆ ಅಂತ ಇವನ ಕುತ್ತಿಗೆಗೆ ಹಗ್ಗ ಹಾಕಿದ್ರಿ. ಅದು ಅವಸರ ಅಲ್ಲ ಕಣ್ರೀ." ದಫೇದಾರರಿಗೆ ಸನ್ನೆ ಮಾಡಿದರು. "ಇವನ ಬೇಡಿ ಬಿಚ್ಚಿ ಅವರಿಗೆ ಹಾಕಿ."

ಬೇಡಿ ಬಿಚ್ಚಿದ ಮೇಲೂ ಕದಿರಪ್ಪ ಎರಡು ಕೈಯನ್ನೂ ಜೋಡಿಸಿ ಮುಂದೆಯೇ ಹಿಡಿದಿದ್ದ. ಖುಷಿಯಾಗಲಿಲ್ಲ. ಮೇಸ್ತ್ರಿಯ ಮೇಲೆ ಸಿಟ್ಟೂ ಬರಲಿಲ್ಲ. ಇನ್‌ಸ್ಪೆಕ್ಟರು ಹೇಳಿದ್ದೆಲ್ಲ ಬೇರೆ ಊರಿನ ಬೇರೆ ಯಾರದೋ ಸುದ್ದಿಯ ಹಾಗೆ ಕಿವಿಯ ಪಕ್ಕದಲ್ಲಿ ಹಾದುಹೋಗಿತ್ತು. ಈಗ ಎಲ್ಲಿಗೆ ಹೋಗಬೇಕು ಎಂದೂ ಅವನಿಗೆ ಹೊಳೆಯಲಿಲ್ಲ.

ಶ್ಯಾಮಲಮ್ಮ ಒಳಗೆ ಬಂದಳು. ಗಂಡ ಕೂತಿದ್ದ ಜಾಗವನ್ನು ಬಳಸಿಕೊಂಡು ಅಣ್ಣನ ಮುಂದೆ ಬಂದು ನಿಂತಳು. ಅವನ ಮುಖವನ್ನು ಪೂರ್ತಿ ನೋಡಿದಳು.

"ಇವತ್ತು ಮೂರನೇ ದಿನ, ಅವರಿಗೆ ಹಾಲು-ತುಪ್ಪ ಬಿಡ್ಬೇಕು," ಎಂದಳು. "ಜನ ಎಲ್ಲ ಬಂದು ಕೂತವ್ರೆ. ತವರಿಂದ ಯಾರೂ ಇಲ್ವಲ್ಲ ಅಂತ ಕಾಯ್ತಾ ಅವ್ರೆ. ನಡಿ ಅಣ್ಣ."

ಕದಿರಪ್ಪನ ಬಾಯಿಂದ ಮೂರು ದಿನ ಬಾರದಿದ್ದ ಸದ್ದು ಆಗ ಬಂತು. ಅವನು ಗೋಳೋ ಎಂದು ಅತ್ತ. ತಂಗಿ ಅವನ ರಟ್ಟೆ ಹಿಡಿದು ಬಾಗಿಲು ದಾಟಿಸಿದಳು.