ದಾರ ಸುತ್ತಿದ ಕಲ್ಲು

“ಅದನ್ನ ಮುಟ್ಟಬೇಡಪ್ಪ. ಬೇರೆಯವರ ಕಾಯಿಲೆ ಅದು.”

ಕೋಟೆ ಕಾಯುವ ಮುದುಕಿಯ ಮಾತಿಗೆ ಲಾರಿ ಚಾಲಕ ನಕ್ಕ. ಕುಸಿದ ಗೋಡೆಯ ಬುಡದಲ್ಲಿ ಕಪ್ಪು ದಾರ ಬಿಗಿದ ಕಲ್ಲುಗಳ ರಾಶಿ. ವಾಸಿಯಾಗದ ರೋಗವನ್ನು ಮಂತ್ರ ಹಾಕಿಸಿ ಕಲ್ಲಿಗೆ ಕಟ್ಟಿ, ಬೆಟ್ಟ ಹತ್ತಿ ಇಲ್ಲಿ ಬಿಟ್ಟುಹೋಗುವುದು ಆ ಕಡೆಯವರ ರೂಢಿ. ಒಂದು ಬದಿಗೆ ಕಡಿದಾದ ಬಂಡೆ, ಕೆಳಗೆ ಸಮುದ್ರ. ಇನ್ನೊಂದು ಬದಿಗೆ ಬೆಟ್ಟಗಳ ನಡುವೆ ಅಲುಗದೆ ಮಲಗಿದ ಸರೋವರ.

“ನನ್ನ ಸೊಂಟನೋವಿಗೂ ಒಂದು ಕಲ್ಲು ನೋಡಿಡಜ್ಜಿ, ದಪ್ಪದ್ದೇ ಇರ್ಲಿ,” ಎಂದ.

ಜೊತೆಗಿದ್ದ ತಂಗಿ ನಗಲಿಲ್ಲ. ಹೊಲಿಗೆ ಯಂತ್ರದ ಮುಂದೆಯೇ ಆಯುಸ್ಸು ಸವೆಸಿದವಳು. ಅಣ್ಣನ ಬಲವಂತಕ್ಕೆ ಸುತ್ತಾಡಲು ಬಂದಿದ್ದಳು. “ಸುಮ್ನೆ ಬಾರಣ್ಣ,” ಎಂದು ಮುಂದೆ ನಡೆದಳು. ಹೆದರುಪುಕ್ಕಲಿ! ಅವನು ಕೈಗೆ ಮಣ್ಣಾಗದಂತೆ ಒಂದು ಕಲ್ಲನ್ನು ಕರವಸ್ತ್ರದಲ್ಲಿ ಹಿಡಿದು, ಅವಳ ಹೆಗಲಿನ ಬ್ಯಾಗಿಗೆ ಮೆಲ್ಲಗೆ ಇಳಿಬಿಟ್ಟ.

ಇಳಿಹೊತ್ತಿನಲ್ಲಿ, ಸರೋವರದ ದಡದಲ್ಲಿ, ಅವಳು ಬಾಚಣಿಗೆಗೆಂದು ಬ್ಯಾಗಿನೊಳಗೆ ಕೈ ಹಾಕಿದಳು. ಬಂದದ್ದು ಕಲ್ಲು. ಬೆರಳು ತಾಕಿದ್ದೇ ತಡ, ದಾರ ತಾನಾಗಿ ಸಡಿಲಿ ಜಾರಿತು. ಕೀವು ಹಿಡಿದ ಹಳೇ ಬಟ್ಟೆಯ ವಾಸನೆ ಗಪ್ಪನೆ ಮುಖಕ್ಕೆ ಬಡಿಯಿತು. ಕಪ್ಪೆಗಳು ಒಮ್ಮೆಲೇ ಸುಮ್ಮನಾದವು.

“ಅಣ್ಣ, ಇಷ್ಟು ಬೇಗ ಮಂಜು ಇಳೀತಲ್ಲ?”

ನೀರಿನ ಮೇಲೆ ಬಿಸಿಲು ಕಣ್ಣು ಕುಕ್ಕುತ್ತಿತ್ತು.

ಅವಳ ಕಣ್ಣಗುಡ್ಡೆಗಳ ಮೇಲೆ ಹಾಲಿನ ಕೆನೆಯಂಥದು ಹರಡುತ್ತಿತ್ತು. ಅವನು ಅವಳ ರಟ್ಟೆ ಹಿಡಿದು ಕೋಟೆಯತ್ತ ಎಳೆದುಕೊಂಡು ಓಡಿದ. ಎಡವಿದಳು. ಎತ್ತಿದ. ಕಲ್ಲು ಅವಳ ಮುಷ್ಟಿಗೆ ಅಂಟಿಕೊಂಡಿತ್ತು.

ಮುದುಕಿ ಹತ್ತಿರ ಬರಲಿಲ್ಲ. “ಗಂಟು ಬಿಚ್ಚಿದೆ. ಇನ್ನು ವಾಪಸ್ ಇಟ್ರೆ ಆಗಲ್ಲ. ಯಾರಾದ್ರೂ ‘ನನಗೆ ಕೊಡು’ ಅಂತ ಬಾಯಿಬಿಟ್ಟು ಇಸ್ಕೋಬೇಕು. ಇಸ್ಕೊಂಡವರ ಕಣ್ಣಿಗೆ ಹೋಗತ್ತೆ. ಹೊತ್ತು ಮುಳುಗಿದ್ರೆ ಇವಳಲ್ಲೇ ನಿಂತ್ಬಿಡತ್ತೆ.”

ನನಗೆ ಕೊಡು. ಅಷ್ಟೇ. ನಾಲಿಗೆಯ ತುದಿಗೆ ಬಂತು. ಲಾರಿಯ ಸ್ಟೇರಿಂಗ್ ನೆನಪಾಯಿತು. ಹೆಂಡತಿ. ಮಕ್ಕಳು. ಕೈಗಳು ತಾವಾಗಿಯೇ ಜೇಬು ಸೇರಿದವು.

ಕೆಳಗೆ ಅಲೆ ಬಂಡೆಗೆ ಅಪ್ಪಳಿಸಿತು. ಸೂರ್ಯ ನೀರಿಗೆ ತಾಕಿದ. ಅರ್ಧವಾದ. ಇಲ್ಲವಾದ.

ತಂಗಿ ತಡಕಾಡಿ ಅವನ ತೋಳು ಹಿಡಿದಳು.

“ನೀನು ಕೇಳದೇ ಇದ್ದದ್ದೇ ಒಳ್ಳೇದಾಯ್ತು ಬಿಡು. ಮಕ್ಕಳೊಂದಿಗ, ಲಾರಿ ಓಡಿಸೋನು. ಬ್ಯಾಗ್ ಕೆಳಗಿಟ್ಟಾಗ ನಾನೇ ಅದನ್ನ ಸೇರಿಸ್ಕೊಂಡಿರ್ಬೇಕು, ಅಲ್ವೇನಣ್ಣ?”

ಮುದುಕಿ ಅವನ ಮುಖವನ್ನೇ ನೋಡುತ್ತಿದ್ದಳು.

“ಹೂಂ ಕಣೆ,” ಎಂದ ಅವನು. “ನೀನೇ ಇರ್ಬೇಕು.”