ನೀಲಿ ಚೆಂಡಿನ ಮೇಲೆ ಕೂತವರು ಯಾರು?

ಸಾರಿನ ಬಟ್ಟಲು ಹಿಡಿದು ಮೇಲೆ ಹೋದ ರುಬಿಯೆಲಾ ಇಳಿದು ಬಂದಾಗ ಅವಳ ಕೈಯಲ್ಲಿ ಬಟ್ಟಲಿರಲಿಲ್ಲ. ಎರಡೂ ಚಪ್ಪಲಿಗೆ ರಕ್ತ ಮೆತ್ತಿತ್ತು.

"ದೋನ್ ಫಾನೊರ್‌ನ ಯಾರೋ ಹೊಡೆದು ಹಾಕಿದ್ದಾರೆ," ಎಂದಷ್ಟೇ ಹೇಳಿ ಮೆಟ್ಟಿಲ ಮೇಲೆ ಕುಸಿದಳು.

ಅಂಗಳದಲ್ಲಿ ಯಾರದೋ ಹುಟ್ಟುಹಬ್ಬದ ಊಟ ನಡೆದಿತ್ತು. ಬಾಳೆಕಾಯಿ ಹಾಕಿದ ಕೋಳಿ ಸಾರಿನ ಹಂಡೆಯ ಸುತ್ತ ನಿಂತಿದ್ದವರೆಲ್ಲ ಅವಳತ್ತ ತಿರುಗಿದರು. ಕಾಲಿ ಎಂಬ ನಗರದ ಆ ಕಟ್ಟಡದಲ್ಲಿದ್ದದ್ದು ಒಂದು ಬಸ್ ಕಂಪನಿಯ ಕರೆ ಕೇಂದ್ರ. ಪ್ರಯಾಣಿಕರ ದೂರು, ಬೈಗುಳ ಕೇಳುತ್ತ ದಿನವಿಡೀ ಕೂರುವವರ ಕಚೇರಿ. ಫಾನೊರ್ ಲಾಸೊ ಅದರ ಮ್ಯಾನೇಜರ್, ಎಲ್ಲರ ಬಾಯಲ್ಲಿ 'ದೋನ್', ಅಂದರೆ ಸಾಹೇಬರು.

ತನಿಖಾಧಿಕಾರಿ ನೂಬಿಯಾ ಆರ್ಬೊಲೆದಾ ಬರುವಷ್ಟರಲ್ಲಿ ಪೊಲೀಸರು ಕಟ್ಟಡದ ಬಾಗಿಲು ಹಾಕಿಸಿದ್ದರು. ಒಬ್ಬರನ್ನೂ ಮನೆಗೆ ಬಿಟ್ಟಿರಲಿಲ್ಲ.

ಶವ ಮೇಜಿಗೂ ಕಬ್ಬಿಣದ ಬೀರುವಿಗೂ ನಡುವೆ ಬೋರಲು ಬಿದ್ದಿತ್ತು. ತಲೆಯ ಹಿಂಭಾಗ ಒಳಕ್ಕೆ ಕುಸಿದಿತ್ತು. ದವಡೆ ಒಂದು ಪಕ್ಕಕ್ಕೆ ತಿರುಚಿಕೊಂಡು, ಹಲ್ಲುಗಳು ನೆಲದಲ್ಲಿ ಚೆದುರಿದ್ದವು. ಬಲಗೈಯ ಬೆರಳುಗಳು ಜಜ್ಜಿಹೋಗಿದ್ದವು. ಬಿದ್ದ ಮೇಲೂ ಆತ ತಲೆಗೆ ಕೈ ಅಡ್ಡ ಹಿಡಿದಿದ್ದ. ಹೊಡೆದವರು ಕೈಯ ಮೇಲೂ ಹೊಡೆದಿದ್ದರು. ಬಳಸಿದ ಆಯುಧ ಅಲ್ಲೇ ಬಿದ್ದಿತ್ತು: ಗೋಡೆಗೆ ತೂಗುಹಾಕುವ ಬೆಂಕಿ ಆರಿಸುವ ಕೆಂಪು ಸಿಲಿಂಡರ್. ಹಿಡಿಯನ್ನು ಯಾರೋ ಒರೆಸಿದ್ದರು.

ಮೇಜಿನ ಹಿಂದೆ ಕುರ್ಚಿ ಇರಲಿಲ್ಲ. ಕಿಟಕಿಯ ಗೋಡೆಗೆ ಒರಗಿ ನಿಂತಿದ್ದದ್ದು ದೊಡ್ಡದೊಂದು ನೀಲಿ ಚೆಂಡು. ವ್ಯಾಯಾಮಶಾಲೆಯಲ್ಲಿ ಇರುವಂಥದ್ದು.

"ಇದೇನು ಇಲ್ಲಿ?" ಎಂದಳು ನೂಬಿಯಾ.

"ಇದೇ ಅವನ ಕುರ್ಚಿ," ಎಂದ ಅವಳ ಸಹಾಯಕ ಅಂಗೂಲೊ. "ಇದರ ಮೇಲೆ ಕೂತರೆ ಬೆನ್ನು ನೆಟ್ಟಗಾಗುತ್ತಂತೆ. ಕಚೇರಿಗೆ ಇದನ್ನ ತಂದವಳೇ ಕೊಂದವಳು. ಆಗಲೇ ಬೇಡಿ ಹಾಕಿಯಾಗಿದೆ, ಮೇಡಂ. ನಾವು ಬಂದದ್ದು ದಂಡ."

ಬೇಡಿ ಬಿದ್ದದ್ದು ಯೊಲೀಮಾ ಕರಬಾಲಿಗೆ. ನೌಕರರ ಮೈಕೈ ನೋವಿಗೆ ವ್ಯಾಯಾಮ ಹೇಳಿಕೊಡಲು ಕಂಪನಿ ನೇಮಿಸಿಕೊಂಡಿದ್ದ ಹೆಣ್ಣುಮಗಳು. ಬೆಳಿಗ್ಗೆಯೂ ಸಂಜೆಯೂ ಎಲ್ಲರನ್ನೂ ಎಬ್ಬಿಸಿ ಕೈಕಾಲು ಆಡಿಸುವುದು ಅವಳ ಕೆಲಸ. ಫಾನೊರ್‌ನ ಸೊಂಟದ ಡಿಸ್ಕ್ ಜಾರಿ, ನೋವಿಗೆ ಅವನು ಕೂರಲಾರದೆ ನಿಲ್ಲಲಾರದೆ ಒದ್ದಾಡುತ್ತಿದ್ದಾಗ ಈ ಚೆಂಡು ತಂದುಕೊಟ್ಟವಳೂ ಅವಳೇ. ಅವನಿಗೆ ಗುಣ ಕಂಡಿತು. ಕಂಡದ್ದೇ ತಡ, ಕಚೇರಿಗೆಲ್ಲ ಚೆಂಡು ತರಿಸಿದ. ಎಲ್ಲರೂ ಸರದಿಯ ಮೇಲೆ ಸ್ವಲ್ಪ ಹೊತ್ತು ಅದರ ಮೇಲೆ ಕೂತೇ ಕೆಲಸ ಮಾಡಬೇಕೆಂದು ಕಟ್ಟಪ್ಪಣೆ ಮಾಡಿದ. ಮೊದಮೊದಲು ಜನ ಉರುಳಿ ಬಿದ್ದರು, ಬೈದರು, ಆಮೇಲೆ ಒಗ್ಗಿಕೊಂಡರು.

ಆ ದಿನ ಬೆಳಿಗ್ಗೆ ಯೊಲೀಮಾ ಅವನ ಕೋಣೆಗೆ ನುಗ್ಗಿ ಕೂಗಾಡಿದ್ದನ್ನು ಕಚೇರಿಯೇ ಕೇಳಿತ್ತು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಇಳಿದಾಗ ಅವಳೊಬ್ಬಳೇ ಮೇಲಿದ್ದಳು. ಅವಳ ಚಾಪೆಗಳ ರಾಶಿಯ ಕೆಳಗೆ ರಕ್ತ ಒರೆಸಿದ ಟವೆಲ್ಲು ಸಿಕ್ಕಿತ್ತು. ಟವೆಲ್ಲೂ ಅವಳದೇ.

ನೂಬಿಯಾ ಮೊದಲು ರುಬಿಯೆಲಾಳನ್ನು ಕರೆಸಿದಳು. ಮುಂಬಾಗಿಲಲ್ಲಿ ಕೂತು ಬಂದವರನ್ನು ವಿಚಾರಿಸುವ ಹೆಂಗಸು, ಎಲ್ಲರಿಗಿಂತ ಹಳಬಳು. ಊಟ ಬಡಿಸುವ ಮೊದಲು ತಾನೇ ಮೇಲೆ ಹೋಗಿ ಸಾಹೇಬರನ್ನು ಕರೆದದ್ದಾಗಿ ಹೇಳಿದಳು.

"ಬಾಗಿಲು ತೆಗೆದಿರಾ?"

"ಇಲ್ಲ ಮೇಡಂ. ಗಾಜಿನಾಚೆ ತಲೆ ಕಾಣ್ತಿತ್ತಲ್ಲ. 'ದೋನ್ ಫಾನೊರ್, ಸಾರು ಆರಿಹೋಗುತ್ತೆ' ಅಂದೆ. ಬೆನ್ನು ಹಾಕಿ ಕೂತ ಹಾಗಿತ್ತು. ಬರ್ತೀನಿ ಅನ್ನೋ ಹಾಗೆ ಕೈಯೆತ್ತಿದ್ರು."

"ಮಾತಾಡಿದರಾ?"

"ಇಲ್ಲ. ಫೋನಲ್ಲಿ ಇದ್ದಾರೇನೋ ಅಂದ್ಕೊಂಡೆ."

ನೂಬಿಯಾ ಕೋಣೆಯ ಹೊರಗಿನ ಕಾರಿಡಾರಿಗೆ ಹೋಗಿ ನೋಡಿದಳು. ಕೋಣೆಯ ಗೋಡೆ ಕೆಳಗರ್ಧ ಮರ, ಮೇಲರ್ಧ ಮಸುಕು ಗಾಜು. ಒಳಗೆ ನಿಂತಿದ್ದ ಅಂಗೂಲೊ ಒಂದು ಕರಿಯ ನೆರಳಾಗಿ ಕಂಡ. ಮೂಗು, ಕಣ್ಣು ಒಂದೂ ಇಲ್ಲ. ನೆಲದಲ್ಲಿ ಬಿದ್ದಿದ್ದ ಶವ ಕಾಣುವ ಮಾತೇ ಇರಲಿಲ್ಲ.

"ತಲೆ ಹೇಗೆ ಕಾಣ್ತಿತ್ತು? ಸುಮ್ಮನಿತ್ತಾ?"

ರುಬಿಯೆಲಾ ಕಣ್ಣು ಮುಚ್ಚಿ ನೆನಪಿಸಿಕೊಂಡಳು. "ಮೇಲೆ ಕೆಳಗೆ ಆಡ್ತಿತ್ತು. ಮಕ್ಕಳು ಹಾಸಿಗೆ ಮೇಲೆ ಕುಣೀತಾವಲ್ಲ, ಹಾಗೆ. ಚೆಂಡಲ್ವಾ ಮೇಡಂ?"

ಆಮೇಲೆ ಕೆಳಗೆ ಯಾರು ಯಾವಾಗ ಬಂದರೆಂದು ನೂಬಿಯಾ ಬಿಡದೆ ಕೇಳಿದಳು. ಕರೆ ತೆಗೆದುಕೊಳ್ಳುವ ಹುಡುಗ ಹುಡುಗಿಯರೆಲ್ಲ ಆಗಲೇ ಅಂಗಳದಲ್ಲಿದ್ದರಂತೆ. ರುಬಿಯೆಲಾ ಇಳಿದ ಸ್ವಲ್ಪ ಹೊತ್ತಿಗೆ ಉಪ ಮ್ಯಾನೇಜರ್ ಗಿಲ್ದಾರ್ದೊ ಒಸ್ಪಿನಾ ಬಂದು ಅವಳು ಮತ್ತೆ ಬಟ್ಟಲು ಹಿಡಿದು ಮೇಲೆ ಹೋಗುವವರೆಗೂ ಅಲ್ಲೇ ಇದ್ದ. ಕೋಟಿನ ಗುಂಡಿ ಹಾಕಿಕೊಂಡೇ ಉಂಡ ಎಂದು ಹುಡುಗಿಯರು ನಕ್ಕಿದ್ದರಂತೆ. ಕೊನೆಗೆ ಬಂದವಳು ಯೊಲೀಮಾ, ಕೈ ಒದ್ದೆಯಾಗಿತ್ತು.

ಗಿಲ್ದಾರ್ದೊ ತಾನೇ ಮುಂದಾಗಿ ಬಂದು ಕೂತ. ನಲವತ್ತರ ಗಟ್ಟಿಮುಟ್ಟಾದ ಆಳು, ತಲೆಗೂದಲು ಸತ್ತವನ ಹಾಗೆಯೇ ಗಿಡ್ಡ. ಅವನ ಕೋಣೆ ಫಾನೊರ್‌ನ ಕೋಣೆಗೆ ಅಂಟಿಕೊಂಡೇ ಇತ್ತು. ನಡುವೆ ಒಂದು ಒಳಬಾಗಿಲು. ಅವನು ಯೊಲೀಮಾಳ ಸಿಡುಕನ್ನೂ ಬೆಳಗಿನ ಜಗಳವನ್ನೂ ಬಣ್ಣಿಸಿದ. ಸಾಹೇಬರಿಗೆ ಆ ಹೆಂಗಸು ಮಂಕುಬೂದಿ ಎರಚಿದ್ದಳು ಎಂದ.

"ನೀವೂ ಚೆಂಡಿನ ಮೇಲೆ ಕೂರ್ತೀರಾ, ದೋನ್ ಗಿಲ್ದಾರ್ದೊ?"

"ನಾನಾ? ಸರ್ಕಸ್ಸಿನ ಆನೆ ಅಲ್ಲ ನಾನು," ಎಂದು ನಕ್ಕ. "ಒಂದು ದಿನಾನೂ ಕೂತಿಲ್ಲ. ನನ್ನ ಚರ್ಮದ ಕುರ್ಚಿ ನನಗಿದೆ."

ಯೊಲೀಮಾಳನ್ನು ಕರೆತಂದರು. ತುಟಿ ಒಡೆದಿತ್ತು. ಬೇಡಿ ಹಾಕುವಾಗ ಕೊಸರಿಕೊಂಡಿದ್ದಕ್ಕೆ ಪೊಲೀಸನೊಬ್ಬ ಹೊಡೆದಿದ್ದ. ನೂಬಿಯಾ ಬೇಡಿ ಬಿಚ್ಚಿಸಿ ನೀರು ಕೊಡಿಸಿದಳು.

"ಬೆಳಿಗ್ಗೆ ಜಗಳ ಯಾತಕ್ಕಮ್ಮ?"

"ಹೇಳಲ್ಲ."

"ಹೇಳದಿದ್ದರೆ ಕೊಲೆ ನಿನ್ನ ತಲೆಗೆ ಬರುತ್ತೆ."

"ಬರಲಿ. ಅದು ನನ್ನ ಗುಟ್ಟಲ್ಲ, ಮೇಡಂ. ಮಾತು ಕೊಟ್ಟಿದ್ದೀನಿ." ಹಲ್ಲು ಕಚ್ಚಿ ಸೇರಿಸಿದಳು, "ಒಂದು ಕೆಲಸ ಮಾಡಿ ಅಂತ ಹೋಗಿ ಬೇಡ್ಕೊಂಡೆ. ಕೇಳಿದ ಮೇಲೆ ಏನೂ ಅನ್ನದೆ ಬಾಗಿಲು ತೋರಿಸಿದ. ಆಗ ಕೂಗಾಡಿದೆ. ಹೇಡಿ ಅಂದೆ. ಅಷ್ಟೇ."

ಊಟದ ಹೊತ್ತಲ್ಲಿ ಮೇಲೇನು ಮಾಡುತ್ತಿದ್ದೆ ಎಂದರೆ, ಹಿಂದಿನ ಹಜಾರದಲ್ಲಿ ಚೆಂಡುಗಳನ್ನು ತೊಳೆದು ಗಾಳಿ ಹೊಡೆಯುತ್ತಿದ್ದೆ ಎಂದಳು. ಚಾಪೆ, ಟವೆಲ್ಲು ಎಲ್ಲ ಕಾರಿಡಾರಿನಲ್ಲೇ ಇದ್ದವು, ಯಾರು ಬೇಕಾದರೂ ಎತ್ತಿಕೊಳ್ಳಬಹುದಿತ್ತು. ಅವಳು ಹೇಳುವುದನ್ನು ನಂಬಲು ಒಂದೇ ಒಂದು ಸಾಕ್ಷಿಯೂ ಇರಲಿಲ್ಲ.

ನೂಬಿಯಾ ಮತ್ತೆ ಆ ಕೋಣೆಗೆ ಹೋದಳು. ಶವವನ್ನು ಒಯ್ದಿದ್ದರು. ಸೆಕೆಗೆ ರಕ್ತದ ವಾಸನೆ ಗಂಟಲಿಗೆ ಹತ್ತುತ್ತಿತ್ತು. ಗೋಡೆ, ಬೀರು, ಮೇಜಿನ ಕಾಲು ಎಲ್ಲ ಕಡೆ ರಕ್ತ ಸಿಡಿದಿತ್ತು, ಚೆಂಡಿನ ಕಾಣುವ ಬದಿಯಲ್ಲೂ ಸಣ್ಣ ದುಂಡನೆಯ ಹನಿಗಳು. ಬೆರಳಚ್ಚಿನವರು ಅದನ್ನು ಇದ್ದಲ್ಲೇ ಇಟ್ಟು ಚಿತ್ರ ತೆಗೆದಿದ್ದರು. ಗೋಡೆಗೆ ಒರಗಿದ ಬದಿಯನ್ನು ಯಾರೂ ನೋಡಿರಲಿಲ್ಲ.

ಕೈಗವಸು ಹಾಕಿಕೊಂಡು ನೂಬಿಯಾ ಚೆಂಡನ್ನು ಮೆಲ್ಲಗೆ ತಿರುಗಿಸಿದಳು. ಆ ಬದಿಯನ್ನು ಬಾಗಿ ಹತ್ತಿರದಿಂದ ನೋಡಿದಳು.

"ಅಂಗೂಲೊ, ಯೊಲೀಮಾನ ಕರಿ. ಬಾಗಿಲ ಹತ್ತಿರವೇ ನಿಲ್ಲಿಸು."

ಯೊಲೀಮಾ ಬಂದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ. "ಫಾನೊರ್ ಇದರ ಮೇಲೆ ಕೂತು ಕುಪ್ಪಳಿಸ್ತಿದ್ದನಾ?"

"ಕುಪ್ಪಳಿಸೋದಾ?" ಯೊಲೀಮಾ ಅಷ್ಟು ನೋವಿನಲ್ಲೂ ಹುಬ್ಬು ಗಂಟಿಕ್ಕಿದಳು. "ಡಿಸ್ಕ್ ಜಾರಿದೋನು ಕುಪ್ಪಳಿಸಿದರೆ ಆಸ್ಪತ್ರೆ ಸೇರ್ತಾನೆ. ನಾನು ಹೇಳಿಕೊಡೋ ಮೊದಲ ಪಾಠವೇ ಅಲ್ಲಾಡದೆ ಕೂರೋದು. ಪಾದ ಪೂರ್ತಿ ನೆಲಕ್ಕೆ ಊರಬೇಕು, ಮಂಡಿ ಅಗಲ ಇರಬೇಕು, ಹೊಟ್ಟೆ ಬಿಗಿ. ಅವನು ಕಲ್ಲಿನ ಹಾಗೆ ಕೂರ್ತಿದ್ದ."

"ಇಲ್ಲಿರೋ ಉಳಿದೋರು?"

"ಎಲ್ಲರಿಗೂ ಅದೇ ಅಭ್ಯಾಸ. ಮೊದಲ ಸಲ ಕೂತೋರಷ್ಟೇ ಮೇಲೆ ಕೆಳಗೆ ಆಡ್ತಾರೆ. ಬೀಳ್ತೀನಿ ಅನ್ನೋ ಭಯಕ್ಕೆ."

ನೂಬಿಯಾ ಅಂಗೂಲೊನ ಕಿವಿಯಲ್ಲಿ ಏನೋ ಹೇಳಿದಳು.

ಎಲ್ಲರನ್ನೂ ದೊಡ್ಡ ಹಜಾರದಲ್ಲಿ ಸೇರಿಸಿದರು. ಗಿಲ್ದಾರ್ದೊ ಮುಂದಿನ ಸಾಲಿನಲ್ಲಿ ಕೂತು ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತಿದ್ದ. ಹಿಂದೆ, ಗೋಡೆಗೆ ಅಂಟಿ, ಯಾಮಿಲೆತ್ ಎಂಬ ಕರೆ ತೆಗೆದುಕೊಳ್ಳುವ ಹುಡುಗಿ ಒಂದು ಕೈಯಿಂದ ಪಕ್ಕೆ ಹಿಡಿದುಕೊಂಡು ನಿಂತಿದ್ದಳು.

"ಊಟದ ಹೊತ್ತಲ್ಲಿ ಕೊಲೆ ಆಯ್ತು ಅಂತ ನೀವೆಲ್ಲ ನಂಬಿದ್ದೀರಿ," ನೂಬಿಯಾ ಶುರುಮಾಡಿದಳು. "ಯಾಕೆ? ಊಟಕ್ಕೆ ಮುಂಚೆ ರುಬಿಯೆಲಾ ಅವರು ಫಾನೊರ್‌ನ ನೋಡಿದ್ದಾರೆ ಅಂತ. ಅವರು ನೋಡಿದ್ದು ಫಾನೊರ್‌ನ ಅಲ್ಲ, ಒಂದು ನೆರಳನ್ನ. ಆಗ ಫಾನೊರ್ ಸತ್ತು ನೆಲದ ಮೇಲಿದ್ದ."

ರುಬಿಯೆಲಾ ಬಾಯಿಗೆ ಕೈ ಅಡ್ಡ ಹಿಡಿದಳು.

"ಆ ಚೆಂಡಿನ ಒಂದು ಬದಿಯಲ್ಲಿ ರಕ್ತದ ಹನಿ ದುಂಡಗೆ ಒಣಗಿದೆ. ಗೋಡೆಗೆ ಒರಗಿದ್ದ ಇನ್ನೊಂದು ಬದಿಯಲ್ಲಿ ಹನಿಗಳಿಲ್ಲ. ಅಗಲವಾಗಿ ಒತ್ತಿ ಸವರಿದ ಕಲೆ ಇದೆ. ಅದರಲ್ಲಿ ಬಟ್ಟೆಯ ನೇಯ್ಗೆ ಅಚ್ಚಾಗಿದೆ, ಪ್ಯಾಂಟಿನ ನಡುಹೊಲಿಗೆ ಅಚ್ಚಾಗಿದೆ. ಚೆಂಡು ಉರುಳಿ ಆದ ಕಲೆಯಾದರೆ ನೆಲದ ಮೇಲೂ ಗುರುತಿರಬೇಕಿತ್ತು. ಇಲ್ಲ. ಅಂದರೆ ರಕ್ತ ಸಿಡಿದ ಮೇಲೆ, ಅದು ಹಸಿಯಾಗಿರುವಾಗಲೇ, ಯಾರೋ ಅದರ ಮೇಲೆ ಕೂತಿದ್ದಾರೆ. ಹೆಣ ಕಾಲಬುಡದಲ್ಲಿ ಇಟ್ಟುಕೊಂಡು ಯಾರಾದರೂ ಯಾಕೆ ಕೂರ್ತಾರೆ?"

ನೂಬಿಯಾ ತಾನೇ ಉತ್ತರ ಹೇಳಿದಳು.

"ಕಾರಿಡಾರಿನಲ್ಲಿ ಹೆಜ್ಜೆ ಕೇಳಿಸಿತು. ಒಳಗೆ ಯಾರೂ ಕಾಣದಿದ್ದರೆ ರುಬಿಯೆಲಾ ಬಾಗಿಲು ತೆಗೀತಾರೆ. ಕೊಂದವನು ಬೆನ್ನು ತಿರುಗಿಸಿ ಚೆಂಡಿನ ಮೇಲೆ ಕೂತ, ಕೈಯೆತ್ತಿದ. ಅವರು ಹೋದರು. ಆಗ ಅವನಿಗೆ ಹೊಳೀತು, ಫಾನೊರ್ ಇನ್ನೂ ಬದುಕಿದ್ದಾನೆ ಅಂತ ಹೇಳೋಕೆ ಒಬ್ಬ ಸಾಕ್ಷಿ ಸಿಕ್ಕಳು ಅಂತ. ಹಿಡಿ ಒರೆಸಿದ, ಟವೆಲ್ಲು ಚಾಪೆ ಕೆಳಗೆ ತುರುಕಿದ, ಊಟಕ್ಕೆ ಇಳಿದ. ಆದರೆ ಕೂತವನಿಗೆ ಕೂರೋಕೆ ಬರ್ತಿರಲಿಲ್ಲ. ತಲೆ ಮೇಲೆ ಕೆಳಗೆ ಆಡ್ತಿತ್ತು. ಈ ಕಚೇರಿಯಲ್ಲಿ ಚೆಂಡಿನ ಮೇಲೆ ಒಂದು ದಿನವೂ ಕೂರದವನು ಒಬ್ಬನೇ. ತಾನೇ ಜಂಬದಿಂದ ನನ್ನ ಮುಂದೆ ಹೇಳಿಕೊಂಡ."

ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿತು.

"ದೋನ್ ಗಿಲ್ದಾರ್ದೊ," ಎಂದಳು ನೂಬಿಯಾ, ದನಿ ಏರಿಸದೆ. "ಈ ಸೆಕೆಯಲ್ಲಿ ನಮಗೆಲ್ಲ ಅಂಗಿಯೇ ಭಾರ. ಆ ಕೋಟು ತೆಗೀರಿ. ಹಿಂದೆ ತಿರುಗಿ."

ಗಿಲ್ದಾರ್ದೊ ನಗಲು ನೋಡಿದ. ಗುಂಡಿಗೆ ಕೈ ಹಾಕಿದ. ಮರುಕ್ಷಣ ಕೂತಿದ್ದ ಕುರ್ಚಿಯನ್ನೇ ಎತ್ತಿ ಬೀಸಿದ. ಕುರ್ಚಿಯ ಕಾಲು ಅಂಗೂಲೊನ ಹಣೆಗೆ ಬಡಿದು ಚರ್ಮ ಹರಿಯಿತು. ಗಿಲ್ದಾರ್ದೊ ಅವನನ್ನು ತುಳಿದುಕೊಂಡೇ ದಾಟಿ ಹೋದದ್ದು ಬಾಗಿಲ ಕಡೆಗಲ್ಲ, ಹಿಂದಿನ ಗೋಡೆಯ ಕಡೆಗೆ. ಯಾಮಿಲೆತ್‌ಳ ಕುತ್ತಿಗೆಗೆ ಎರಡೂ ಕೈ ಹಾಕಿ ಅವಳ ತಲೆಯನ್ನು ಗೋಡೆಗೆ ಅಪ್ಪಳಿಸಿದ.

"ನೀನೇ ಬಾಯಿಬಿಟ್ಟೆ," ಎಂದು ಹಲ್ಲು ಕಡಿದ. "ನೀನೇ."

ಯೊಲೀಮಾ ಅವನ ಬೆನ್ನಿಗೆ ಬಿದ್ದಳು. ಅವನು ಮೊಣಕೈಯಿಂದ ಅವಳ ಒಡೆದ ತುಟಿಗೇ ಗುದ್ದಿದ. ನೂಬಿಯಾ ಪಿಸ್ತೂಲಿನ ಹಿಡಿಯಿಂದ ಅವನ ಮಣಿಕಟ್ಟಿಗೆ ಇಕ್ಕಿದಳು. ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಕೈ ಸಡಿಲಾದದ್ದೇ ಕಾಲಿಗೆ ಕಾಲು ಕೊಟ್ಟು ಕೆಡವಿ ಕುತ್ತಿಗೆಯ ಮೇಲೆ ಮಂಡಿಯೂರಿದಳು. ಅಂಗೂಲೊ, ಮುಖದ ತುಂಬ ರಕ್ತ, ತೆವಳಿಕೊಂಡು ಬಂದು ಬೇಡಿ ತೊಡಿಸಿದ.

ಕೋಟು ಬಿಚ್ಚಿದಾಗ ಅಂಗಿಯ ಎದೆಯ ಮೇಲೆಲ್ಲ ಕಂದು ಚುಕ್ಕಿಗಳಿದ್ದವು. ಕೋಟಿನ ಒಳಪದರದ ಕೆಳಭಾಗಕ್ಕೆ ಪ್ಯಾಂಟಿನಿಂದ ರಕ್ತ ಅಂಟಿ ಒಣಗಿ ಗರಿಗರಿಯಾಗಿತ್ತು.

ಅವನನ್ನು ಎಳೆದೊಯ್ದ ಮೇಲೂ ಯಾರೂ ಕದಲಲಿಲ್ಲ. ಯಾಮಿಲೆತ್ ನೆಲದಲ್ಲಿ ಕೂತು ಉಸಿರು ಎಳೆದುಕೊಳ್ಳುತ್ತಿದ್ದಳು. ಯೊಲೀಮಾ ಅವಳ ಬೆನ್ನು ಸವರುತ್ತ, ಏನೂ ಹೇಳಬೇಡ, ಬೇಡದಿದ್ದರೆ ಬೇಡ ಎನ್ನುತ್ತಿದ್ದಳು.

ಹುಡುಗಿ ತಲೆಯಲ್ಲಾಡಿಸಿದಳು. ತುಂಡು ತುಂಡಾಗಿ ಹೇಳಿದಳು. ಗಿಲ್ದಾರ್ದೊ ಸಾಮಾನಿನ ಕೋಣೆಯಲ್ಲಿ ಅವಳನ್ನು ಕೆಡವಿದ್ದ. ಒದರಿದ್ದಕ್ಕೆ ಪಕ್ಕೆಗೆ ಒದ್ದಿದ್ದ. ಅದಾದ ಮೇಲೂ ಬಿಟ್ಟಿರಲಿಲ್ಲ. ವ್ಯಾಯಾಮದ ಹೊತ್ತಿನಲ್ಲಿ ಅವಳ ಕೈ ಮೇಲಕ್ಕೆ ಏಳದ್ದನ್ನು ಕಂಡು ಯೊಲೀಮಾ ವಿಚಾರಿಸಿದ್ದಳು. ಯಾರ ಮುಂದೆಯೂ ಹೇಳಬೇಡಿ ಎಂದು ಯಾಮಿಲೆತ್ ಕಾಲು ಹಿಡಿದಿದ್ದಳು. ಯೊಲೀಮಾ ಆ ಬೆಳಿಗ್ಗೆ ಫಾನೊರ್ ಒಬ್ಬನಿಗೆ ಹೇಳಿದ್ದಳು.

"ಅಕ್ಕಾ, ಅವರು ಹೇಡಿ ಅಲ್ಲ," ಯಾಮಿಲೆತ್ ಯೊಲೀಮಾಳ ಕೈ ಹಿಡಿದುಕೊಂಡಳು. "ಊಟಕ್ಕೆ ಮುಂಚೆ ನನ್ನನ್ನ ಕರೆಸಿದ್ರು. ಎದುರು ಕೂರಿಸ್ಕೊಂಡು ಕ್ಷಮಿಸು ಮಗಳೇ ಅಂದ್ರು. ಅವನನ್ನ ಈಗಲೇ ಕರೆದು ಕೇಳ್ತೀನಿ, ಊಟ ಆದ ಮೇಲೆ ನಾನೇ ಪೊಲೀಸಿಗೆ ಕರ್ಕೊಂಡು ಹೋಗ್ತೀನಿ, ನೀನು ಕೆಳಗೆ ಹೋಗಿ ಉಣ್ಣು ಅಂದ್ರು. ನಾನು ಹೋಗಿ ಉಂಡೆ."

ಬೆಳಗಿನಿಂದ ಅಳದಿದ್ದ ಯೊಲೀಮಾ ಆಗ ಮುಖ ಮುಚ್ಚಿಕೊಂಡಳು.

ನೂಬಿಯಾ ಹುಡುಗಿಯ ಪಕ್ಕದಲ್ಲಿ ನೆಲಕ್ಕೇ ಕೂತಳು. ಇವತ್ತೇ ಹೇಳಿಕೆ ಕೊಡಬೇಕೆಂದೇನಿಲ್ಲ, ಮೊದಲು ಡಾಕ್ಟರಿಗೆ ತೋರಿಸೋಣ ಎಂದಳು.

"ಇವತ್ತೇ ಕೊಡ್ತೀನಿ," ಎಂದಳು ಯಾಮಿಲೆತ್. ಗೋಡೆ ಹಿಡಿದು, ಪಕ್ಕೆಯ ನೋವಿಗೆ ಮುಖ ಕಿವುಚಿಕೊಂಡು, ತಾನಾಗಿಯೇ ಎದ್ದು ನಿಂತಳು. "ನನ್ನ ಪೂರ್ತಿ ಹೆಸರು ಬರ್ಕೊಳ್ಳಿ, ಮೇಡಂ."